ಬಿಳಿ ದಾರದ ಪುಟ್ಟಿ

ಆ ವಾರ ಶಿವರತ್ನ ಹಾಲು ಉಕ್ಕಿಸಿದ್ದು ಅದು ಮೂರನೆಯ ಸಲ. ಒಲೆ ಬಿಟ್ಟು ಎಲ್ಲೋ ಹೋಗಿ ಉಕ್ಕಿಸಿದ್ದರೆ ಹೇಗೋ ಆಗುತ್ತಿತ್ತು, ಅವಳು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತೇ ಉಕ್ಕಿಸಿದಳು. ಹಾಲು ಉಬ್ಬಿ, ಪಾತ್ರೆಯ ಕಂಠ ದಾಟಿ, ಕೆಂಡದ ಮೇಲೆ ಸುರಿದು, ಸೀದ ವಾಸನೆ ಪಡಸಾಲೆಯ ಮಗ್ಗದವರೆಗೂ ಹೋದರೂ ಅವಳ ಕಣ್ಣು ಕಿಟಕಿಯಾಚೆಗೇ ಇತ್ತು. ಕಿಟಕಿಯಾಚೆ ಏನಿತ್ತು ಅಂತೀರಿ? ಪಕ್ಕದ ಮನೆ ಸೋಮಮ್ಮನ ಗೋಡೆ. ಗೋಡೆಯ ಮೇಲೆ ಒಂದು ಹಲ್ಲಿಯೂ ಇರಲಿಲ್ಲ.

"ರತ್ನೀ! ಕಣ್ಣೇನು ಮಾಂಬಳ್ಳಿ ಕೆರೇಲಿ ಬುಟ್ಟು ಬಂದಿದ್ದೀಯಾ?" ಅತ್ತೆ ಸರಸ್ವತಮ್ಮ ಓಡಿ ಬಂದು ಸೆರಗಿನಲ್ಲೇ ಪಾತ್ರೆ ಇಳಿಸಿದಳು. "ಏನಮ್ಮಿ ನೋಡ್ತಿದ್ದೆ ಅಷ್ಟೊತ್ನಿಂದ?"

"ಏನೂ ಇಲ್ಲ ಅತ್ತೆಮ್ಮ."

"ಏನೂ ಇಲ್ದೆ ಇರೋದ ಯಾರಾದ್ರೂ ಇಷ್ಟೊತ್ತು ನೋಡ್ತಾರಾ?"

"ನೋಡ್ತಿರ್ನಿಲ್ಲ. ಸುಮ್ಮನೆ ಕುಂತಿದ್ದೆ."

ಅದು ಸುಳ್ಳಲ್ಲ. ಶಿವರತ್ನ ಹುಟ್ಟಿದ್ದೇ ಹಾಗೆ. ಮಾಂಬಳ್ಳಿಯ ತವರಿನಲ್ಲಿ ನೀರಿಗೆ ಹೋದರೆ ಕೊಡ ತುಂಬಿ ಹರಿದು ಕಾಲು ನೆಂದಮೇಲೆ ಎಚ್ಚರವಾಗುತ್ತಿತ್ತು. ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದು ಆರು ವರ್ಷವಾಗಿದ್ದರೂ ಸಾರಿಗೆ ಉಪ್ಪು ಎರಡು ಸಲ ಬೀಳುವುದು ತಪ್ಪಿರಲಿಲ್ಲ. ಒಮ್ಮೊಮ್ಮೆ ಬೀಳುತ್ತಲೇ ಇರಲಿಲ್ಲ. ನೇಕಾರರ ಬೀದಿಯಲ್ಲಿ ಅವಳಿಗೆ ಪರಧ್ಯಾನದ ರತ್ನಿ ಎಂದೇ ಹೆಸರು. ಅವಳು ಅದಕ್ಕೆ ಅಳಲೂ ಇಲ್ಲ, ತಿದ್ದಿಕೊಳ್ಳಲೂ ಇಲ್ಲ.

ಮನೆಯೇನು ದೊಡ್ಡದಲ್ಲ. ಪಡಸಾಲೆಯಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುವ ಮಾವ ಬಸವಯ್ಯ, ಅವನಿಗೆ ಕೈ ಜೋಡಿಸುವ ಮಗ ಚೌಡೇಶ, ಮೂಲೆಯಲ್ಲಿ ರಾಟೆಯ ಮುಂದೆ ಶಿವರತ್ನ, ಎಲ್ಲರ ಕಾಲಿಗೂ ಸಿಕ್ಕಿಕೊಳ್ಳುವ ಅವಳ ನಾಲ್ಕು ವರ್ಷದ ಮಗಳು ಮಾದೇವಿ. ಬಸವಯ್ಯ ನಲವತ್ತು ವರ್ಷ ನೇಯ್ದವನು. ಅವನು ನೇಯ್ದ ಸೀರೆ ಒಂದೂ ವಾಪಸು ಬಂದಿರಲಿಲ್ಲ. ಅದನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಈ ಬಸವಯ್ಯನೇನು ಬಹಳ ಎಚ್ಚರದ ಮನುಷ್ಯನೆ? ಮಗ್ಗದಲ್ಲಿ ಕೂತನೆಂದರೆ ಬಾಗಿಲಲ್ಲಿ ನಿಂತು ಕೂಗಿದವರ ದನಿ ಕೇಳುತ್ತಿರಲಿಲ್ಲ. ಒಮ್ಮೆ ಸೋಮಮ್ಮನ ಕರು ಒಳಗೆ ಬಂದು ಅವನ ಹೆಗಲಿನ ಟವೆಲನ್ನೇ ಅರ್ಧ ತಿಂದಿತ್ತು. ಬೀದಿಯವರು, "ನೋಡ್ರಪ್ಪಾ, ಕಸುಬಂದ್ರೆ ಇಂಗಿರ್ಬೇಕು" ಎಂದು ಕೊಂಡಾಡಿದರು. ಅದೇ ಕರು ಶಿವರತ್ನನ ಸೆರಗು ತಿಂದಿದ್ದರೆ ಏನನ್ನುತ್ತಿದ್ದರೋ ನೀವೇ ಊಹಿಸಿ.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಬಸವಯ್ಯನ ತಾತನ ಕಾಲದ್ದು. ಯಾರಾದರೂ ಮೈಮರೆತು ತಪ್ಪು ಮಾಡಿದರೆ ಸ್ನಾನ ಮಾಡಿ, ಗೋಡೆಯ ಮೇಲಿನ ಚೌಡೇಶ್ವರಿಯ ಪಟದ ಕೆಳಗೆ, ಮಗ್ಗದ ಮುಂದೆ ಅಡ್ಡಬಿದ್ದು, "ನನ್ನಿಂದ ತಪ್ಪಾಯ್ತು ತಾಯಿ" ಎಂದು ಗಟ್ಟಿಯಾಗಿ ಹೇಳಬೇಕು. ಅದನ್ನು ಮನೆಮಂದಿಯೆಲ್ಲ ನೋಡಬೇಕು. ಒಬ್ಬರು ನೋಡದೆ ಹೋದರೂ ಅದು ಲೆಕ್ಕಕ್ಕಿಲ್ಲ. ಅಲ್ಲಿಯವರೆಗೆ ಮಗ್ಗಕ್ಕೆ ಹೊಸ ಹಾಸಿನ ನೂಲು ಏರಿಸುವಂತಿಲ್ಲ, ಅಂದರೆ ನೇಯುವಂತಿಲ್ಲ.

ಆ ವರ್ಷದ ಶ್ರಾವಣದಲ್ಲಿ ಶಿವರತ್ನ ಹಾಗೆ ಬಿದ್ದಿದ್ದಳು. ಪೇಟೆಗೆ ಮಗಳನ್ನು ಕರೆದುಕೊಂಡು ಹೋದವಳು ಹುಣಸೆಹಣ್ಣು, ಮೆಣಸಿನಕಾಯಿ ಎಲ್ಲ ನೆನಪಿಟ್ಟು ತಂದು, ಮಗಳನ್ನು ಅಂಗಡಿಯಲ್ಲೇ ಬಿಟ್ಟು ಬಂದಳು. ಸರಸ್ವತಮ್ಮ "ಕೂಸೆಲ್ಲಮ್ಮಿ?" ಎಂದಾಗಲೇ ಅವಳಿಗೆ ಕೈ ಖಾಲಿ ಎನಿಸಿದ್ದು. ಬಿಚ್ಚಿದ ತಲೆಗೂದಲಿನಲ್ಲೇ ಓಡಿದಳು. ಮಾದೇವಿ ಮೂಟೆಯ ಮೇಲೆ ಕೂತು ಅಂಗಡಿಯವನು ಕೊಟ್ಟ ಬೆಲ್ಲ ಚೀಪುತ್ತಿತ್ತು. ಅವಳನ್ನು ಎತ್ತಿಕೊಂಡು ದಾರಿಯುದ್ದಕ್ಕೂ ಅತ್ತಳು. ಆ ರಾತ್ರಿ ಉಣ್ಣಲಿಲ್ಲ. ಬೆಳಗ್ಗೆ ಯಾರೂ ಹೇಳುವ ಮುಂಚೆ ತಾನೇ ಸ್ನಾನ ಮಾಡಿ ಬಂದು ಮಗ್ಗದ ಮುಂದೆ ಬಿದ್ದಳು.

ಎದ್ದರೆ ಬಸವಯ್ಯ ತಲೆಯಾಡಿಸಿದ. "ಚೌಡೇಶ ನೋಡ್ನಿಲ್ಲ. ಇನ್ನೊಂದ್ಸಲ ಬೀಳು."

ಚೌಡೇಶ ಗೋಡೆಗೆ ಮುಖ ಮಾಡಿ ರೇಡಿಯೋದ ಕಿವಿ ಹಿಂಡುತ್ತಿದ್ದ. ಮೈಸೂರಿನಿಂದ ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದ, ಬೀದಿಗೆಲ್ಲ ಅದೇ ಮೊದಲ ರೇಡಿಯೋ. ಶಿವರತ್ನ ಗಂಡ ತಿರುಗುವವರೆಗೂ ಕಾದು, ಎರಡನೆಯ ಸಲ ಬಿದ್ದಳು. ತಪ್ಪು ತನ್ನದು, ಹತ್ತು ಸಲ ಬೀಳೆಂದರೂ ಬೀಳುತ್ತಿದ್ದಳು.

* * *

ಅರವತ್ತೈದನೆಯ ಇಸವಿಯ ಸೆಪ್ಟೆಂಬರಿನಲ್ಲಿ ಯುದ್ಧ ಬಂತು. ಗಡಿಯಲ್ಲಿ ಗುಂಡು ಹಾರಿದರೆ ಬಸವಯ್ಯನ ಪಡಸಾಲೆ ತುಂಬುತ್ತಿತ್ತು. ಬೆಳಗಿನ ಕನ್ನಡ ವಾರ್ತೆಯ ಹೊತ್ತಿಗೆ ಬೀದಿಯ ಗಂಡಸರೆಲ್ಲ ಬಂದು ಗೋಡೆಗೊರಗಿ ಕೂರುವರು. ಸರಸ್ವತಮ್ಮ ಎಲ್ಲರಿಗೂ ಕಾಫಿ ಕಾಸಿ ಕಾಸಿ ಬೆಲ್ಲದ ಡಬ್ಬದ ತಳ ಕಂಡಳು. ಬಸವಯ್ಯ ಮಾತ್ರ ಮಗ್ಗ ಬಿಟ್ಟು ಏಳುತ್ತಿರಲಿಲ್ಲ. ಕೈಯಲ್ಲಿ ಲಾಳಿ, ಕಿವಿಯಲ್ಲಿ ಲಾಹೋರು.

ಆಗ ಮಗ್ಗದ ಮೇಲಿದ್ದದ್ದು ಯಳಂದೂರಿನ ಷಡಕ್ಷರಿಯವರ ಮನೆಯ ಮದುವೆ ಸೀರೆ. ಗದ್ದೆ ತೋಟವಿದ್ದ ದೊಡ್ಡ ಕುಳ. ದಾಳಿಂಬೆ ಕೆಂಪಿನ ಒಡಲು, ಅಂಗೈಯಗಲದ ಜರಿಯ ಅಂಚು. ಬಣ್ಣದ ಮನೆಯ ಬಿಳಿಗಿರಿ ಒಂದೇ ಬಾನಿಯಲ್ಲಿ ಅದ್ದಿದ ರೇಷ್ಮೆ ಸೀರೆಗೆ ಸಾಕಾಗುವಷ್ಟಿತ್ತು, ರವಿಕೆ ಕಣಕ್ಕೆ ಸಾಲಲಿಲ್ಲ. ಅದಕ್ಕೆಂದು ಇನ್ನೊಂದು ಬಾನಿ ಕಟ್ಟಿ ಅದ್ದಿಕೊಟ್ಟ. ಎರಡೂ ಕೆಂಪೇ. ಪಡಸಾಲೆಯ ಮಬ್ಬಿನಲ್ಲಿ ಎರಡೂ ಒಂದೇ. ಬಿಸಿಲಿಗೆ ಹಿಡಿದರೆ ಮಾತ್ರ ಎರಡನೆಯದು ಒಂದು ಛಾಯೆ ಹೆಚ್ಚು ಕಪ್ಪು.

ಅಡ್ಡಕ್ಕೆ ಓಡುವ ಹೊಕ್ಕಿನ ನೂಲನ್ನು ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗಳಿಗೆ ಸುತ್ತುವುದು ಶಿವರತ್ನನ ಕೆಲಸ. ಹಾಲು ಉಕ್ಕಿಸುವ ಶಿವರತ್ನ ಕಂಡಿಕೆ ಕೆಡಿಸಿದವಳಲ್ಲ. ಮೊದಲ ಬಾನಿಯ ಕಂಡಿಕೆಗಳನ್ನು ಒಂದು ಬಿದಿರಿನ ಪುಟ್ಟಿಗೆ ಹಾಕಿದಳು, ಎರಡನೆಯದನ್ನು ಬೇರೆ ಪುಟ್ಟಿಗೆ ಹಾಕಿ, ಪುಟ್ಟಿಯ ಕಿವಿಗೆ ಗುರುತಿಗೆ ಬಿಳಿ ದಾರ ಕಟ್ಟಿದಳು. ಮಾವನಿಗೂ ಗಂಡನಿಗೂ ತೋರಿಸಿದಳು. ಇಬ್ಬರೂ ಹೂಂ ಅಂದರು.

ಒಂದು ಬುಧವಾರ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದಾಗ ಬಸವಯ್ಯನ ಲಾಳಿಯ ಕಂಡಿಕೆ ಖಾಲಿಯಾಯಿತು. ಅವನು ರೇಡಿಯೋ ಕಡೆ ನೋಡುತ್ತಲೇ ಎಡಗೈ ಚಾಚಿ ಒಂದು ಕಂಡಿಕೆ ತೆಗೆದ. ರಾಟೆಯ ಮುಂದಿದ್ದ ಶಿವರತ್ನನ ಕಣ್ಣು ಎಂದಿನಂತೆ ಎಲ್ಲೋ ಇತ್ತು, ಸುತ್ತಾಡಿ ಬಂದು ಆ ಕೈಯ ಮೇಲೆ ನಿಂತಿತು. ಕೈ ಹೋಗಿದ್ದು ಬಿಳಿ ದಾರದ ಪುಟ್ಟಿಗೆ.

"ಮಾವ, ಅದಲ್ಲ ಕಣಿ, ಅದು ರವಿಕೆ ಕಣದ್ದು," ಎಂದಳು.

ಬಸವಯ್ಯ ತಿರುಗಿ ನೋಡಲಿಲ್ಲ. ಬಲಗೈ ಮೇಲೆತ್ತಿ, "ಶ್!" ಎಂದ.

"ಮಾವ, ಪುಟ್ಟಿ..."

"ಶ್! ವಾರ್ತೆ ಕಣಮ್ಮಿ!" ಈ ಸಲ ಚೌಡೇಶನೂ ಸೇರಿಕೊಂಡ. ಗೋಡೆಗೊರಗಿದ ಗಂಡಸರೆಲ್ಲ ಹುಬ್ಬು ಗಂಟಿಕ್ಕಿ ಅವಳನ್ನು ನೋಡಿದರು. ಕಾಫಿ ಲೋಟಗಳ ತಟ್ಟೆ ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಸರಸ್ವತಮ್ಮ ಕಣ್ಣಲ್ಲೇ ಒಳಗೆ ಬಾ ಎಂದಳು. ಶಿವರತ್ನ ಎದ್ದು ಹೋದಳು. ಪಡಸಾಲೆಯಲ್ಲಿ ಲಾಳಿ ಓಡಾಡಿತು, ಬಿಳಿ ದಾರದ ಪುಟ್ಟಿಯ ಮೂರು ಕಂಡಿಕೆ ಮುಗಿಯಿತು, ಯುದ್ಧದ ವಾರ್ತೆಯೂ ಮುಗಿಯಿತು.

* * *

ದೀಪಾವಳಿ ಕಳೆದ ಮೇಲೆ ಚೌಡೇಶ ಸೀರೆಯನ್ನು ಮಡಿ ಬಟ್ಟೆಯಲ್ಲಿ ಸುತ್ತಿಕೊಂಡು ಯಳಂದೂರಿನ ಬಸ್ಸು ಹತ್ತಿದ. ಸಂಜೆ ಅದೇ ಗಂಟಿನೊಂದಿಗೆ ಇಳಿದ. ಮುಖ ಇಷ್ಟು ಸಣ್ಣದಾಗಿತ್ತು.

"ಏನ್ಲಾ? ಮನೇಲಿ ಯಾರೂ ಇರ್ನಿಲ್ವಾ?" ಎಂದ ಬಸವಯ್ಯ.

"ಎಲ್ಲಾರೂ ಇದ್ರು ಅಪ್ಪಯ್ಯ. ಯಜಮಾನ್ರ ತಾಯಿ ಶಂಕರಮ್ಮೋರು ಸೀರೆ ಬಿಡಿಸ್ಕಂಡು ಅಂಗಳಕ್ಕೆ ತಕಂಡೋದ್ರು. ಬಿಸ್ಲಲ್ಲಿ ಇಡುದು ನೋಡುದ್ರು." ಚೌಡೇಶ ಗಂಟು ಬಿಚ್ಚಿದ. "ಮಂಡಿತಾವ ಅಡ್ಡಪಟ್ಟೆ ಬಿದ್ದದೆ. ಮದುವೆ ಹೆಣ್ಣಿಗೆ ಮಚ್ಚೆ ಬಿದ್ದ ಸೀರೆ ಉಡಿಸಾಕಾಯ್ತದಾ ಅಂದ್ರು."

ಬಸವಯ್ಯ ಸೀರೆ ಕಿತ್ತುಕೊಂಡು ಹಿತ್ತಲಿಗೆ ಓಡಿದ. ಇಳಿಬಿಸಿಲಿನಲ್ಲಿಯೂ ಕಾಣುತ್ತಿತ್ತು. ನಾಲ್ಕು ಬೆರಳಗಲ, ಅಂಚಿನಿಂದ ಅಂಚಿಗೆ, ಒಣಗಿದ ರಕ್ತದ ಬಣ್ಣದ ಪಟ್ಟೆ. ನಲವತ್ತು ವರ್ಷದಲ್ಲಿ ಮೊದಲ ಸಲ ಅವನ ಸೀರೆ ವಾಪಸು ಬಂದಿತ್ತು. ಸೀರೆ ಮಡಿಸದೆಯೇ ಒಳಗೆ ಬಂದ. ನೇರ ಶಿವರತ್ನನ ಮುಂದೆ ನಿಂತ.

"ಕಂಡಿಕೆ ಬೆರೆಸ್ದೆ."

"ಬೆರೆಸ್ನಿಲ್ಲ ಮಾವ."

"ಹಾಲುಕ್ಕಿಸೋಳು ನೀನು. ಹೆತ್ತ ಕೂಸ್ನ ಅಂಗಡೀಲಿ ಮರೆತು ಬರೋಳು ನೀನು. ಕಂಡಿಕೆ ಬೆರೆಸೋಕೆ ಬೇರೆ ಯಾರಾದ್ರೂ ಬರ್ಬೇಕಾ?"

"ಹಾಲುಕ್ಕಿಸಿದ್ದು ನಾನು. ಕೂಸ್ನ ಮರೆತದ್ದು ನಾನು. ಇಲ್ಲ ಅಂದ್ನಾ?" ಶಿವರತ್ನನ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಬಿಳಿ ದಾರದ ಪುಟ್ಟಿಗೆ ಕೈ ಹಾಕಿದ್ದು ನೀವು. ವಾರ್ತೆ ಕೇಳ್ತಿದ್ರಿ. ನಾನು ಅದಲ್ಲ ಅಂತ ಏಳ್ದೆ. ಶ್ ಅಂದ್ರಿ."

ಬಸವಯ್ಯನಿಗೆ ನಿಜವಾಗಿಯೂ ನೆನಪಿರಲಿಲ್ಲ. ಆ ಬೆಳಗ್ಗೆ ಅವನಿಗೆ ನೆನಪಿದ್ದದ್ದು ಬೀಳಿಸಿದ ವಿಮಾನಗಳ ಸಂಖ್ಯೆ ಒಂದೇ.

"ನಾನಾ?" ಎಂದ. "ನಲವತ್ತು ವರ್ಷ ನೇಯ್ದವನು ನಾನು ಕಂಡಿಕೆ ತಪ್ತೀನಾ? ಯಾರಿದ್ರು ಅಲ್ಲಿ? ಚೌಡೇಶ, ಇವ್ಳು ಏಳಿದ್ದು ಕೇಳಿಸ್ಕಂಡ್ಯಾ?"

"ಇಲ್ಲ ಅಪ್ಪಯ್ಯ," ಎಂದ ಚೌಡೇಶ. ಅದೂ ಸುಳ್ಳಲ್ಲ, ಅವನೂ ಕೇಳಿಸಿಕೊಂಡಿರಲಿಲ್ಲ, ಶ್ ಅಂದಿದ್ದನಷ್ಟೆ.

ಶಿವರತ್ನ ಅತ್ತೆಯ ಮುಖ ನೋಡಿದಳು. ಸರಸ್ವತಮ್ಮ ನೆಲ ನೋಡಿದಳು. ಆಮೇಲೆ, "ಒಲೆ ಮೇಲೆ ಬೇಳೆ ಇಟ್ಟಿದ್ದೀನಿ" ಎಂದು ಒಳಗೆ ಹೋದಳು. ಒಲೆಯ ಮೇಲೆ ಬೇಳೆ ಇರಲಿಲ್ಲ. ಶಿವರತ್ನನಿಗೆ ಅದು ಗೊತ್ತಿತ್ತು.

"ನಾಳೆ ಬೆಳಗ್ಗೆ ಮಗ್ಗದ ಮುಂದೆ ಬೀಳು," ಎಂದ ಬಸವಯ್ಯ.

"ಬೀಳಾಕಿಲ್ಲ."

"ಏನಂದೆ?"

"ನಾನು ಮರೆತದ್ದಕ್ಕೆ ನಾನು ಬೀಳ್ತೀನಿ. ನೀವು ಮರೆತದ್ದಕ್ಕೆ ನಾನು ಬೀಳಾಕಿಲ್ಲ."

ಆರು ವರ್ಷದಲ್ಲಿ ಆ ಸೊಸೆ ಮಾವನಿಗೆ ಎದುರಾಡಿದ್ದು ಅದೇ ಮೊದಲು. ಮಾದೇವಿ ಅಮ್ಮನ ಸೀರೆ ಹಿಡಿದುಕೊಂಡು ಅಜ್ಜನನ್ನು ನೋಡುತ್ತ ನಿಂತಿತ್ತು.

* * *

ಮಗ್ಗ ನಿಂತಿತು. ಹೊಸ ಹಾಸು ಹುರಿಗೊಳಿಸಿ ಸುತ್ತಿ ಮೂಲೆಯಲ್ಲಿಟ್ಟಿದ್ದರು, ಏರಿಸುವಂತಿಲ್ಲ. ಒಂದು ವಾರ ಹೋಯಿತು. ಎರಡಾಯಿತು. ಮಗ್ಗದ ಸದ್ದಿಲ್ಲದ ಮನೆಯಲ್ಲಿ ಅನ್ನ ಅಗಿಯುವ ಸದ್ದೂ ಕೇಳಿಸತೊಡಗಿತು. ಬೇಳೆಸಾರು ಹೋಗಿ ಹುರುಳಿಕಟ್ಟಿನ ಸಾರಾಯಿತು, ಆಮೇಲೆ ಬರೀ ಉಪ್ಪೆಸರು. ಅದೇ ಕಾಲಕ್ಕೆ ದೇಶದಲ್ಲಿ ಅಕ್ಕಿ ಗೋಧಿಗೆ ತತ್ವಾರ, ಸೋಮವಾರ ರಾತ್ರಿ ಊಟ ಬಿಡಿ ಎಂದು ರೇಡಿಯೋದಲ್ಲಿ ಹೇಳಿದರು. ಬಸವಯ್ಯ ತಪ್ಪದೆ ಬಿಟ್ಟ.

"ರೇಡಿಯೋ ಏಳಿದ್ರೆ ಊಟ ಬುಡ್ತಾರೆ," ಎಂದಳು ಶಿವರತ್ನ ಪಾತ್ರೆ ತೊಳೆಯುತ್ತ. "ಸೊಸೆ ಏಳಿದ್ರೆ ಒಂದು ಕಂಡಿಕೆ ಬುಡಾಕಾಗ್ನಿಲ್ಲ."

"ಬಾಯಿ ಮುಚ್ಚು, ಕೇಳಿಸ್ಕಂಡಾರು," ಎಂದಳು ಸರಸ್ವತಮ್ಮ.

"ಕೇಳಿಸ್ಕಳಾಕಿಲ್ಲ ಅತ್ತೆಮ್ಮ. ಈ ಮನೇಲಿ ನಾನಾಡಿದ್ದ ಯಾರು ಕೇಳಿಸ್ಕತಾರೆ? ಕೇಳಿಸ್ಕಂಡೋರೂ ಏಳಾಕಿಲ್ಲ."

ಸರಸ್ವತಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಏನೋ ಹೇಳಲು ಬಾಯಿ ತೆರೆದಳು, ತೆರೆದ ಬಾಯಿಗೆ ಎಲೆಯಡಿಕೆ ತುಂಬಿಕೊಂಡಳು. ಮೂವತ್ತೈದು ವರ್ಷ ಸಂಸಾರ ಮಾಡಿದವಳು, ಗಂಡನ ತಪ್ಪನ್ನು ಗಂಡನ ಮುಂದೆ ಹೇಳಿದ ದಿನ ಒಂದಿರಲಿಲ್ಲ.

ಚೌಡೇಶ ತನ್ನ ರೀತಿಯಲ್ಲಿ ಸಂಧಾನಕ್ಕೆ ಬಂದ. "ರತ್ನ, ಒಂದ್ಸಲ ಬಿದ್ದೆದ್ರೆ ಮುಗೀತದೆ. ಯಾರು ಮಾಡುದ್ರೇನು? ಅಪ್ಪಯ್ಯಂಗೆ ವಯಸ್ಸಾಗದೆ."

"ವಯಸ್ಸಾದೋರು ಬೀಳ್ಬಾರ್ದು ಅಂತ ಕಟ್ಟಳೇಲಿ ಅದಾ?"

"ಹಟ ಯಾಕೆ? ನೀನು ಯಾವಾಗ್ಲೂ ಪರಧ್ಯಾನದಲ್ಲೇ ಇರೋಳು ತಾನೆ? ನಿನ್ಗೇ ತಪ್ಪು ನೆನಪಿರ್ಬೋದು."

ಅದು ಅವಳಿಗೆ ನಾಟಿತು. ಮಾವ ಬೈದಾಗ ಬರದ ನೀರು ಕಣ್ಣಿಗೆ ಬಂತು, ಸಿಟ್ಟೂ ಜೊತೆಗೇ ಬಂತು. "ಔದು, ನನ್ನ ಮನಸ್ಸು ಎಲ್ಲೆಲ್ಲೋ ಓಯ್ತದೆ. ಓಗ್ಲಿ. ಅದೊಂದೇ ಈ ಮನೇಲಿ ಯಾರ ಮಾತೂ ಕೇಳ್ದೆ ತನ್ನಿಷ್ಟಕ್ಕೆ ಓಡಾಡೋದು. ಆದ್ರೆ ಕಣ್ಣು ಕಂಡದ್ದ ಕಂಡಿಲ್ಲ ಅಂತ ಏಳೋಕೆ ನಂಗೆ ಬರಾಕಿಲ್ಲ. ನಿಮ್ಗೆ ಬತ್ತದೆ."

ಚೌಡೇಶ ಎದ್ದು ಹೋಗಿ ರೇಡಿಯೋ ಹಾಕಿದ.

ಬೀದಿಗೆ ಸುದ್ದಿ ಹರಡದೆ ಇರುತ್ತದೆಯೆ? ಸೋಮಮ್ಮ ದಿನಕ್ಕೆರಡು ಸಲ ಮೊಸರು ಹೆಪ್ಪಿಗೆ ಬಂದು, "ಇನ್ನೂ ಬಿದ್ದಿಲ್ವಾ?" ಎಂದು ಕೇಳಿ ಹೋಗುತ್ತಿದ್ದಳು. ಮೂರನೆಯ ವಾರ ಮಾಂಬಳ್ಳಿಯಿಂದ ಶಿವರತ್ನನ ತಾಯಿ ದೊಡ್ಡಬಸಮ್ಮ ಬಂದಳು. ಮಡಿಲಲ್ಲಿ ಬದನೆಕಾಯಿ, ಮೊಮ್ಮಗಳಿಗೆ ಪುರಿ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಒಂದು ಅಂತ್ರ. ಮಗಳನ್ನು ಹಿತ್ತಲಿಗೆ ಕರೆದೊಯ್ದಳು.

"ಮಂತ್ರಿಸಿ ತಂದಿವ್ನಿ. ತೋಳಿಗೆ ಕಟ್ಕೊ. ಮನಸ್ಸು ಒಂದ್ಕಡೆ ನಿಲ್ತದಂತೆ."

"ಉಕ್ಕೋದು ಹಾಲು ಕಣವ್ವ. ಹಾಲಿನ ಪಾತ್ರೆಗೆ ಕಟ್ಟನ," ಎಂದು ಶಿವರತ್ನ ನಿಜವಾಗಿಯೂ ಒಳಗೆ ಹೋಗಿ ಪಾತ್ರೆಯ ಕಂಠಕ್ಕೆ ಕಟ್ಟಿ ಬಂದಳು.

ದೊಡ್ಡಬಸಮ್ಮ ತಲೆ ಚಚ್ಚಿಕೊಂಡಳು. "ನಗಾಡ್ಬೇಡ ಕೂಸೇ. ನಿಮ್ಮ ಮಾವ ಏಳಿ ಕಳ್ಸಿದ್ರು. ಬರೋ ಸೋಮವಾರ ಹಾಸು ಏರಿಸ್ಬೇಕಂತೆ. ನೀನು ಬೀಳ್ದಿದ್ರೆ ಅವತ್ತೇ ಮಾಂಬಳ್ಳಿಗೆ ಕರ್ಕಂಡೋಗಿ ಅಂದವ್ರೆ. ಬುದ್ಧಿ ಬಂದ್ಮೇಲೆ ಕಳ್ಸಿ ಅಂದವ್ರೆ."

"ಬತ್ತೀನಿ ಬುಡು. ಮಾದೇವಿ ಬಟ್ಟೆನೂ ಗಂಟು ಕಟ್ತೀನಿ."

"ಕೂಸ್ನ ಕಳ್ಸಾಕಿಲ್ವಂತೆ." ದೊಡ್ಡಬಸಮ್ಮ ಮಗಳ ಕೈ ಹಿಡಿದುಕೊಂಡಳು. "ಪೇಟೇಲಿ ಮರೆತು ಬರೋಳ ಕೈಗೆ ಕೂಸ್ನ ಕೊಡಾಕಿಲ್ಲ ಅಂದವ್ರೆ. ಬಿದ್ಬುಡು ಮಗ. ಮೈಯೇನು ಸವೆದೋಗ್ತದಾ? ನಾನೆಷ್ಟು ಸಲ ಬಿದ್ದಿಲ್ಲ ನಿಮ್ಮಪ್ಪನ ಮನೇಲಿ, ಮಾಡ್ದೆ ಇದ್ದದ್ದಕ್ಕೆ?"

ಶಿವರತ್ನನ ಮನಸ್ಸು ಈ ಸಲ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಇತ್ತು, ಒಲೆಯ ಕೆಂಡದಂತೆ ಒಂದೇ ಕಡೆ ಸುಡುತ್ತಿತ್ತು.

"ಇವತ್ತು ನಾನು ಸುಳ್ಳಿಗೆ ಬಿದ್ರೆ, ನಾಳೆ ಈ ಮನೇಲಿ ಏನು ಕೆಟ್ರೂ ನಾನೇ ಕೆಡಿಸ್ದೋಳು. ಮಾದೇವಿನೂ ಅದ್ನೇ ನೋಡ್ಕಂಡು ಬೆಳೀತದೆ," ಎಂದಳು. "ಬೀಳಾಕಿಲ್ಲ ಕಣವ್ವ. ಕೂಸ್ನೂ ಬಿಟ್ಟು ಬರಾಕಿಲ್ಲ."

* * *

ಸೋಮವಾರ ಬೆಳಗ್ಗೆ ಬಸವಯ್ಯ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮಗ್ಗದ ಪಕ್ಕ ನಿಂತ. ಪಟಕ್ಕೆ ಹೂ ಏರಿಸಿ ಆಗಿತ್ತು. ಹೊಸ ಹಾಸು ಕಾಲ ಬಳಿ ಇತ್ತು. ಬಾಗಿಲ ಪಕ್ಕ ಶಿವರತ್ನನ ಟ್ರಂಕು, ಟ್ರಂಕಿನ ಮೇಲೆ ದೊಡ್ಡಬಸಮ್ಮ, ಮೂಗೊರೆಸಿಕೊಳ್ಳುತ್ತ. ಮಾಂಬಳ್ಳಿಗೆ ಹೋಗುವ ಯಳಂದೂರಿನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಶಿವರತ್ನ ಮಾದೇವಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ನಡುಮನೆಯಲ್ಲಿ ನಿಂತಳು.

"ಕೂಸ್ನ ಇಳಿಸು," ಎಂದ ಬಸವಯ್ಯ. "ಬೀಳ್ತೀಯೋ, ಓಯ್ತೀಯೋ?"

"ಎರಡೂ ನೀವು ಏಳ್ದಂಗೆ ಮಾಡಾಕಿಲ್ಲ. ಬೀಳಾಕೂ ಇಲ್ಲ, ಕೂಸ್ನ ಇಳಿಸಾಕೂ ಇಲ್ಲ."

"ಕೂಸ್ನ ಮರೆತು ಬಂದೋಳು ಕೂಸಿನ ಮಾತಾಡ್ತಾಳೆ!"

"ಮರೆತೆ. ಒಂದ್ಸಲ ಮರೆತೆ. ಅದ್ಕೆ ಎರಡು ಸಲ ಬಿದ್ದೆ. ನಿಮ್ಮ ಮಗ ನೋಡ್ನಿಲ್ಲ ಅಂತ ನೀವೇ ಬೀಳಿಸಿದ್ರಿ, ಬಿದ್ದೆ. ಇವತ್ತು ಬೀಳ್ಬೇಕಾದೋರು..."

ಚೌಡೇಶನಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಅವನ ಕೈ ತಾನಾಗಿಯೇ ರೇಡಿಯೋದ ಕಿವಿಗೆ ಹೋಯಿತು. ದಿನದಿನದ ಅಭ್ಯಾಸ, ವಾರ್ತೆಯ ಹೊತ್ತು. ರೇಡಿಯೋ ಗರಗರ ಅಂದು, ಆಕಾಶವಾಣಿ ಎಂದು, ವಾರ್ತೆ ಓದುವವರ ದನಿ ಪಡಸಾಲೆಗೆಲ್ಲ ತುಂಬಿತು.

"...ಇವತ್ತು ಬೀಳ್ಬೇಕಾದೋರು ನಾನಲ್ಲ ಮಾವ, ಅವತ್ತೂ ಇಂಗೇ ನಾನು..."

ಬಸವಯ್ಯನ ಕತ್ತು ರೇಡಿಯೋ ಕಡೆ ಹೊರಳಿತು. ಬಲಗೈ ಮೇಲೆದ್ದಿತು.

"ಶ್!" ಎಂದ.

ಅಂದ ಮೇಲೆ ಅವನ ಕೈ ಅಲ್ಲೇ ನಿಂತಿತು. ಮೇಲೆತ್ತಿದ ತನ್ನ ಕೈಯನ್ನು ತಾನೇ ನೋಡಿದ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. ಶಿವರತ್ನ ಮಾತು ನಿಲ್ಲಿಸಿದ್ದಳು. ಚೌಡೇಶ ಬಾಯಿ ತೆರೆದು ನಿಂತಿದ್ದ. ರೇಡಿಯೋ ಒಂದೇ ಓದುತ್ತಿತ್ತು.

ಆಗ ಅಡಿಗೆಮನೆ ಬಾಗಿಲಿಂದ ಸರಸ್ವತಮ್ಮ ಹೊರಗೆ ಬಂದಳು. ಕೈಯಲ್ಲಿ ಕಾಫಿ ಲೋಟಗಳ ತಟ್ಟೆ. ತಟ್ಟೆಯನ್ನು ನೆಲದ ಮೇಲೆ ಕುಕ್ಕಿದಳು, ಕಾಫಿ ಚೆಲ್ಲಿತು. ನೆಟ್ಟಗೆ ಹೋಗಿ ರೇಡಿಯೋದ ಕಿವಿ ಹಿಂಡಿ ಬಾಯಿ ಮುಚ್ಚಿಸಿದಳು. ಅಷ್ಟು ದಿನ ಅವಳು ಅದನ್ನು ಮುಟ್ಟಿರಲಿಲ್ಲ, ಶಾಕು ಹೊಡೆಯುತ್ತದೆಂಬ ಹೆದರಿಕೆಯಿತ್ತು.

"ಅವತ್ತೂ ಇಂಗೇ ಅಂದ್ರಿ ಕಣ್ರಿ," ಎಂದಳು. "ನಾನು ಇಲ್ಲೇ ನಿಂತಿದ್ದೆ, ಇದೇ ಬಾಗ್ಲಲ್ಲಿ, ಇದೇ ತಟ್ಟೆ ಇಡ್ಕಂಡು. ಅವ್ಳು ಮಾವ ಅದಲ್ಲ ಅಂದ್ಳು. ನೀವು ಶ್ ಅಂದ್ರಿ. ಇನ್ನೊಂದ್ಸಲ ಅಂದ್ಳು, ಇವ್ನೂ ಶ್ ಅಂದ. ನಾನು ಕಣ್ಣು ಬಿಟ್ಟು ಅವ್ಳ ಒಳಕ್ಕೆ ಕರ್ದೆ. ಎಲ್ಲಾ ಕೇಳಿಸ್ಕಂಡಿದ್ದೆ."

"ಕೇಳಿಸ್ಕಂಡಿದ್ರೆ ಏಳಾಕೇನಾಗಿತ್ತು ಇಷ್ಟು ದಿನ?" ಎಂದ ಬಸವಯ್ಯ.

"ನೀವು ನಂಗೂ ಶ್ ಅಂತೀರಿ ಅಂತ."

ಬಸವಯ್ಯ ಮಗ್ಗ ನೋಡಿದ, ಮೂಲೆಯಲ್ಲಿ ಮಡಿಸಿಟ್ಟ ಕೆಂಪು ಸೀರೆ ನೋಡಿದ. ಬಾಯಿ ಮಾಡುವ ಮನುಷ್ಯನೇ ಹೊರತು ಸುಳ್ಳಿನ ಮನುಷ್ಯನಲ್ಲ. ಹೆಗಲ ಮೇಲಿನ ಟವೆಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಗೋಡೆ ಹಿಡಿದು, ಒಂದು ಮಂಡಿ ಊರಿ, ಇನ್ನೊಂದು ಊರಿ, ಮೂಳೆ ಲಟಲಟ ಅನ್ನಿಸಿಕೊಂಡು ಮಗ್ಗದ ಮುಂದೆ ಉದ್ದಕ್ಕೆ ಬಿದ್ದ.

"ನನ್ನಿಂದ ತಪ್ಪಾಯ್ತು ತಾಯಿ," ಎಂದ ಗಟ್ಟಿಯಾಗಿ. "ನನ್ನ ಕೈ ತಪ್ತು. ಕಿವಿನೂ ತಪ್ತು."

ಸರಸ್ವತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ದೊಡ್ಡಬಸಮ್ಮ ಅಳುವುದನ್ನು ಮರೆತು ಟ್ರಂಕಿನಿಂದ ಎದ್ದು ನಿಂತಳು. ಚೌಡೇಶ ಅಪ್ಪನ ರಟ್ಟೆ ಹಿಡಿದು ಎಬ್ಬಿಸಿದ. ಬಸವಯ್ಯ ಎದೆಯ ಧೂಳು ಒರೆಸಿಕೊಳ್ಳುತ್ತ ಸೊಸೆಯ ಕಡೆ ತಿರುಗಿದ.

ಶಿವರತ್ನ ಸೂರಿನ ಕಡೆ ನೋಡುತ್ತಿದ್ದಳು. ಅಡ್ಡತೊಲೆಯ ಮೇಲೆ ಒಂದು ಗುಬ್ಬಿ ಕಸದ ಬುಟ್ಟಿಯಿಂದ ಕದ್ದ ಕೆಂಪು ರೇಷ್ಮೆ ಎಳೆಯನ್ನು ಗೂಡಿಗೆ ತುರುಕಲು ಒದ್ದಾಡುತ್ತಿತ್ತು. ಎಳೆ ಉದ್ದ, ಗೂಡು ಸಣ್ಣದು. ಕಂಕುಳಲ್ಲಿದ್ದ ಮಾದೇವಿ ಅದನ್ನು ಬೆರಳು ಮಾಡಿ ತೋರಿಸುತ್ತಿತ್ತು, ತಾಯಿ ಮಗಳಿಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವಳು ಬೇಕೆಂದೇ ಹಾಗೆ ಮಾಡಿದಳೆಂದು ಸೋಮಮ್ಮ ಆಮೇಲೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಬೇಕೆಂದು ಮಾಡಲಿಲ್ಲ. ಅತ್ತೆ ಮಾತಾಡಿದ್ದನ್ನು ಒಂದಕ್ಷರ ಬಿಡದೆ ಕೇಳಿದ್ದಳು, ಕೇಳಿ ಎದೆಯ ಭಾರವೆಲ್ಲ ಇಳಿದಿತ್ತು, ಭಾರ ಇಳಿದ ಕೂಡಲೇ ಮನಸ್ಸು ಎಂದಿನಂತೆ ಹೊರಟುಹೋಗಿತ್ತು.

"ಕೂಸೇ," ಎಂದ ಬಸವಯ್ಯ ಸೊಸೆಗೆ. "ನೋಡ್ದ್ಯಾ?"

ಶಿವರತ್ನ ಬೆಚ್ಚಿ ತಿರುಗಿದಳು. "ಏನ ಮಾವ? ಏನಂದ್ರಿ?"

ಚೌಡೇಶ ನಾಲಿಗೆ ಕಚ್ಚಿಕೊಂಡ. "ಓಗ್ಲಿ ಬುಡಿ ಅಪ್ಪಯ್ಯ, ನಾವೆಲ್ಲಾ ನೋಡುದ್ವಲ್ಲ..." ಎಂದು ಶುರು ಮಾಡಿದ. ಸರಸ್ವತಮ್ಮ ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಕಟ್ಟಳೆ ಅವಳಿಗೂ ಗೊತ್ತಿತ್ತು, ಬಸವಯ್ಯನಿಗೂ ಗೊತ್ತಿತ್ತು, ಶಿವರತ್ನನಿಗಂತೂ ಎರಡು ಸಲ ಬಿದ್ದು ಗೊತ್ತಿತ್ತು. ಈಗ ಅವಳ ಕಣ್ಣಿಗೆ ಮಾವನ ಎದೆಯ ಮೇಲಿನ ಧೂಳು ಕಾಣಿಸಿತು. ಏನಾಯಿತೆಂದು ತಿಳಿಯಿತು. ಆದರೂ ಅವಳು "ಸಾಕು ಬುಡಿ ಮಾವ" ಅನ್ನಲಿಲ್ಲ. ಮಗಳನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ಮಗ್ಗದ ಕಡೆಗೆ ಸರಿಯಾಗಿ ಮುಖ ಮಾಡಿ ನಿಂತಳು.

ಬಸವಯ್ಯ ಮತ್ತೆ ಗೋಡೆ ಹಿಡಿದ. ಒಂದು ಮಂಡಿ ಊರಿದ, ಇನ್ನೊಂದು ಊರಿದ, ಎರಡನೆಯ ಸಲ ಬಿದ್ದ.

ಈ ಸಲ ಶಿವರತ್ನ ನೋಡಿದಳು.